ಫ್ಲಾಸ್ಕಿನೊಳಗಿನ ಸಕ್ಕರೆ ರೋಗ

ಕೊನೆಯ ಬೀಗರನ್ನು ಹುಮನಾಬಾದ ಬಸ್ಸಿಗೆ ಹತ್ತಿಸಿ ಬಂದ ಮರುದಿನ ಬೆಳಿಗ್ಗೆ, ಮಡಿವಾಳಯ್ಯನವರ ಮನೆಯ ನಲ್ಲಿಯಲ್ಲಿ ಎಂದಿನಂತೆ ನೀರು ಬರಲಿಲ್ಲ. ಮಗ ಕರಬಸಯ್ಯ ತೀರಿಕೊಂಡು ಹನ್ನೆರಡು ದಿನಗಳಾಗಿದ್ದವು. ಚಂದ್ರಂಪಳ್ಳಿ ಕೆರೆಯ ಕಾಲುವೆಯ ಮೇಲೆ ಓವರ್‌ಸಿಯರ್ ಆಗಿದ್ದವನು ಒಂಬತ್ತು ದಿನದ ಕಾಮಾಲೆಯಲ್ಲಿ ಹೋಗಿಬಿಟ್ಟಿದ್ದ. ಈ ಹನ್ನೆರಡು ದಿನ ಮಡಿವಾಳಯ್ಯನವರು ಯಾರಾದರೂ ಕುಂದ್ರಿ ಎಂದರೆ ಕೂತಿದ್ದರು, ಉಣ್ಣಿರಿ ಎಂದರೆ ಉಂಡಿದ್ದರು. ಇವತ್ತು ಹೇಳುವವರು ಯಾರೂ ಉಳಿದಿರಲಿಲ್ಲ. ಆದ್ದರಿಂದ ಅವರು ಪಡಸಾಲೆಯ ನಡುವೆ ಸುಮ್ಮನೆ ನಿಂತಿದ್ದರು.

"ಮಾವಾರ, ಜರಾ ಕೈ ತೊಳ್ಕೊಂಡು ಬರ್ರಿ," ಎಂದಳು ಸೊಸೆ ವಿಮಲಾಬಾಯಿ ಅಡುಗೆಮನೆಯಿಂದ. "ಸಾಬಾಣ ಹಚ್ಚಿ. ಮೊಣಕೈ ತನಕ."

"ಪೂಜಿಗೇನವ್ವ?"

"ಅಲ್ರಿ. ಹಾಲಿಗೆ."

ಅಡುಗೆಮನೆಯ ಕಟ್ಟೆಯ ಮೇಲೆ, ಕುದಿಸಿ ತೆಗೆದ ಮೂರು ಗಾಜಿನ ಬಾಟಲಿಗಳು ಬಿಳಿ ಬಟ್ಟೆಯ ಮೇಲೆ ಬೋರಲಾಗಿ ಆರುತ್ತಿದ್ದವು. ಪಕ್ಕದಲ್ಲಿ ಅಗಲ ಬಾಯಿಯ ಒಂದು ದೊಡ್ಡ ಫ್ಲಾಸ್ಕು. ಅದರ ಹೊಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ 'ಪಶುವೈದ್ಯಶಾಲೆ, ನಂ. ೭' ಎಂದು ಬರೆದಿತ್ತು.

ಫ್ಲಾಸ್ಕಿನ ಚರಿತ್ರೆ ಚಿಕ್ಕದು. ಹೋದ ಆಗಸ್ಟಿನಲ್ಲಿ ವಿಮಲಾಬಾಯಿ ಆರು ತಿಂಗಳ ಬಸುರಿ. ಅವಳಿಗೆ ಐಸ್‌ಕ್ರೀಂ ತಿನ್ನಬೇಕೆನಿಸಿತು. ಚಿಂಚೋಳಿಯಲ್ಲಿ ಬರಫು, ಅಂದರೆ ಮಂಜುಗಡ್ಡೆ, ಸಿಗುತ್ತಿತ್ತು, ಐಸ್‌ಕ್ರೀಂ ಸಿಗುತ್ತಿರಲಿಲ್ಲ. ಕರಬಸಯ್ಯ ಈ ಫ್ಲಾಸ್ಕನ್ನು ಎರಡು ದಿನಕ್ಕೆಂದು ಕಡ ತಂದು, ತಾಂಡೂರಿಗೆ ಹೋಗಿ, ತುಂಬಿಸಿಕೊಂಡು ಬಸ್ಸು ಹತ್ತಿದ. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಅದರ ಮೇಲೆ ದಾರಿಯಲ್ಲಿ ಬಸ್ಸಿನ ಟೈರು ಎರಡು ಸಲ ಒಡೆಯಿತು. ಮನೆಯಲ್ಲಿ ತೆಗೆದು ನೋಡಿದರೆ ಗುಲಾಬಿ ಬಣ್ಣದ ನೀರು. ವಿಮಲಾಬಾಯಿ ಅದನ್ನು ಒಂದು ಹನಿ ಬಿಡದೆ ಕುಡಿದು, "ಭಾಳ ಚಲೋ ಅದ," ಎಂದಿದ್ದಳು. ಆಮೇಲೆ ಫ್ಲಾಸ್ಕು ಮಂಚದ ಕೆಳಗೆ ಸೇರಿತು. ನಾಳೆ ಕೊಡೋಣ, ನಾಡಿದ್ದು ಕೊಡೋಣ ಎನ್ನುತ್ತಾ ಕೊಡುವವನೇ ಹೋಗಿದ್ದ.

ಈಗ ಅದನ್ನು ಸೋಡಾ ಪುಡಿ ಹಾಕಿ, ಬಿಸಿನೀರಿನಲ್ಲಿ ಮೂರು ಸಲ ತೊಳೆದು ಇಟ್ಟಿದ್ದಳು.

"ಸೋಮವಾರದಿಂದ ಸುಲೇಪೇಟ ಸಾಲಿಗೆ ಹಾಜರಾಗ್ತೀನಿ," ಎಂದಳು. ಅವಳು ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿ ಬಂದ ವಿಜ್ಞಾನದ ಟೀಚರು. "ಎಂಟೂವರೆ ಬಸ್ಸಿಗೆ ಹೋದ್ರ ಬರೋದು ಐದೂವರೆ. ಮುಂಜಾನೆ ಹಾಲು ಹಿಂಡಿ, ಇಟ್ಟು ಹೋಗ್ತೀನಿ. ಕೂಸಿಗೆ ನೀವು ಕುಡಿಸಬೇಕು."

ಮಡಿವಾಳಯ್ಯನವರ ಕಿವಿ ಕೆಂಪಾದವು. ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಹೇಳಿಸಿದ ಮನುಷ್ಯ. ಹೆಂಡತಿ ಇದ್ದಾಗಲೂ ಮನೆಯಲ್ಲಿ ಇಂಥ ಮಾತು ಗೋಡೆಯ ಆ ಕಡೆ ನಡೆಯುತ್ತಿತ್ತು. ವಿಮಲಾಬಾಯಿಗೆ ಮಾತ್ರ ಇದು ಆಮ್ಲ-ಪ್ರತ್ಯಾಮ್ಲದಷ್ಟೇ ಸಹಜವಾಗಿತ್ತು.

"ಮೂರು ಬಾಟ್ಲಿ. ಕುತಗಿ ತನಕ ಬರಫಿನಾಗ ಇರಬೇಕು. ಕರಗಿದ ನೀರು ಚೆಲ್ಲಿ ಹೊಸ ಬರಫ್ ಹಾಕ್ರಿ. ಕೂಸು ಎದ್ದಾಗ ಒಂದೇ ಬಾಟ್ಲಿ ತೆಗೀರಿ, ಬಿಸಿನೀರಿನ ಬೋಗಾಣ್ಯಾಗ ಇಡ್ರಿ. ಮುಂಗೈ ಮ್ಯಾಲ ಒಂದು ಹನಿ ಬಿಟ್ಟು ನೋಡಿ, ಚಮಚದಿಂದ ಕುಡಿಸ್ರಿ. ಒಲಿ ಮ್ಯಾಲ ಇಡಬ್ಯಾಡ್ರಿ."

"ಕಾಸಬಾರದ?"

"ಕಾಸಬಾರದು."

"ಹಾಲು... ಕಾಸಬಾರದ?"

"ಮಾವಾರ, ಕೂಸು ನನ್ನ ಹತ್ರ ಕುಡಿಯೋ ಮುಂದ ಕಾಸಿಕೊಂಡು ಕುಡೀತದೇನ್ರಿ?"

ಮಡಿವಾಳಯ್ಯನವರು ಮಾಳಿಗೆಯ ತೊಲೆಗಳನ್ನು ಎಣಿಸತೊಡಗಿದರು. ಏಳಿದ್ದವು.

"ಕುಡದು ಉಳಿದದ್ದು ಮತ್ತ ಬರಫಿಗೆ ಇಡಬ್ಯಾಡ್ರಿ, ದಾಸಾಳ ಗಿಡದ ಬುಡಕ್ಕ ಹಾಕ್ರಿ," ಎಂದು ಮುಗಿಸಿ ಅವಳು ಎಲ್ಲವನ್ನೂ ಒಂದು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದಳು. ಕೆಳಗೆ, ಸರ್ಕಾರಿ ದವಾಖಾನೆಯಲ್ಲಿ ತೂಗಿಸಿದ ಕೂಸಿನ ತೂಕ, ತಾರೀಖು: ಐದು ಕಿಲೋ ನೂರು ಗ್ರಾಂ.

ತೂಕ ಬರೆಯಲು ಕಾರಣವಿತ್ತು. ಅವಳ ಅಣ್ಣ ಗುರುಲಿಂಗಯ್ಯ, ಹುಮನಾಬಾದಿನ ಕಿರಾಣಿ ವ್ಯಾಪಾರಿ, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹೇಳಿ ಹೋಗಿದ್ದ: "ಹದಿನೈದು ದಿನ ಬಿಟ್ಟು ಬರ್ತೀನಿ. ಕೂಸು ಒಂದು ಗುಂಜಿ ತೂಕ ಇಳದಿತ್ತಂದ್ರ ನೌಕರಿ ಬಿಡಿಸಿ ಇಬ್ಬರನ್ನೂ ಕರ್ಕೊಂಡು ಹೋಗ್ತೀನಿ. ಮಾತಾಡೋ ಹಂಗಿಲ್ಲ." ಹೋಗುವಾಗ ಪಕ್ಕದ ಮನೆಯ ಯಂಕಮ್ಮನಿಗೆ ಒಂದು ಕಣ್ಣಿಟ್ಟಿರಲು ಹೇಳಿದ್ದ. ಯಂಕಮ್ಮ ಎರಡೂ ಕಣ್ಣಿಟ್ಟಳು.

ಸೊಸೆ ಹೋದರೆ ಕೂಸು ಹೋಗುತ್ತದೆ. ಕೂಸು ಹೋದರೆ ಮನೆಯಲ್ಲಿ ಏಳು ತೊಲೆ ಉಳಿಯುತ್ತವೆ. ಇಷ್ಟು ಲೆಕ್ಕ ಮಡಿವಾಳಯ್ಯನವರಿಗೆ ಬರುತ್ತಿತ್ತು. ಅವರು ಫ್ಲಾಸ್ಕನ್ನು ಎತ್ತಿಕೊಂಡರು. ಪಶುವೈದ್ಯಶಾಲೆಯ ಹೆಸರು ಕಾಣದಿರಲೆಂದು ಅದನ್ನು ಕಾವಿ ಬಟ್ಟೆಯ ಜೋಳಿಗೆಯಲ್ಲಿ ಇಳಿಬಿಟ್ಟು, ಚಿಂಚೋಳಿಗೆ ಹೊಂದಿಕೊಂಡ ಚಂದಾಪುರದ ಮಜೀದಸಾಬರ ಸೋಡಾ ಅಂಗಡಿಗೆ ನಡೆದರು. ದಾರಿಯಲ್ಲಿ ಇಬ್ಬರು ಜೋಳಿಗೆಗೆ ಕೈ ಮುಗಿದರು.

ಮಜೀದಸಾಬರಿಗೆ ತಾಂಡೂರಿನ ಮೊದಲ ಬಸ್ಸಿನಲ್ಲಿ ಬರಫಿನ ಗಡ್ಡೆ ಬರುತ್ತಿತ್ತು. ಅದನ್ನು ಭತ್ತದ ಹೊಟ್ಟಿನಲ್ಲಿ ಹೂತಿಟ್ಟು ದಿನವಿಡೀ ಒಡೆದು ಕೊಡುತ್ತಿದ್ದರು. ಬಾಕಿನ ಮೇಲೆ ನಿವೃತ್ತ ಶಿರಸ್ತೇದಾರ ಅಂಬರಾಯರು ಸಪ್ಪೆ ಸೋಡಾ ಕುಡಿಯುತ್ತ ಕೂತಿದ್ದರು. ಚಂದಾಪುರಕ್ಕೆಲ್ಲ ಸಕ್ಕರೆ ರೋಗ ಇದ್ದದ್ದು ಅವರೊಬ್ಬರಿಗೇ. ಹೈದರಾಬಾದಿನಿಂದ ಪಾರ್ಸಲ್ಲಿನಲ್ಲಿ ಸೂಜಿಮದ್ದು ತರಿಸಿ, ತಣ್ಣಗಿರಲೆಂದು ಮರಳಲ್ಲಿ ಹೂತ ಮಡಕೆಯಲ್ಲಿ ಅದನ್ನು ಇಡುತ್ತಿದ್ದರು. ಅವರ ಮಾತಿನಲ್ಲಿ ಅದು ದೊಡ್ಡ ಮನುಷ್ಯರ ರೋಗ.

"ಬರ್ರಿ ಅಯ್ಯಾರ," ಎಂದು ಮಜೀದಸಾಬರು, ಮಗ ಸತ್ತ ಮನುಷ್ಯನಿಗೆ ಏನು ಹೇಳಬೇಕೋ ತಿಳಿಯದೆ, ಗುಲಾಬಿ ಶರಬತ್ತಿನ ದೊಡ್ಡ ಗ್ಲಾಸನ್ನೇ ಕೈಗಿಟ್ಟರು.

"ಎರಡು ಸೇರು ಬರಫ್ ಬೇಕಾಗಿತ್ರಿ. ದಿನಾ ಮುಂಜಾನಿ."

"ದಿನಾ? ಯಾತಕ್ರಿ?"

ಬಾಕಿನ ಮೇಲಿದ್ದ ನಾಲ್ಕು ಗಂಡಸರು ತಲೆಯೆತ್ತಿದರು. ಆ ನಾಲ್ವರ ಮುಂದೆ ಆ ಮಾತನ್ನು ಹೇಳುವುದಕ್ಕಿಂತ ಮುಲ್ಲಾಮಾರಿ ಹೊಳೆಗೆ ಹಾರುವುದು ಸುಲಭವಾಗಿತ್ತು. ಆದರೆ ಹೊಳೆಯಲ್ಲಿ ನೀರಿರಲಿಲ್ಲ. ಮಡಿವಾಳಯ್ಯನವರ ಕಣ್ಣು ಅಂಬರಾಯರ ಮೇಲೆ ಬಿತ್ತು.

"ಸೂಜಿಮದ್ದು ಇಡಾಕ್ರಿ. ನನಗೂ... ಸಕ್ಕರಿ ರೋಗ ಬಂದದ."

ಮಜೀದಸಾಬರು ಕೈ ಚಾಚಿ, ಅವರ ಕೈಯಲ್ಲಿದ್ದ ಶರಬತ್ತಿನ ಗ್ಲಾಸನ್ನು ಮೆಲ್ಲಗೆ ಬಿಡಿಸಿಕೊಂಡು ಗಟಾರಕ್ಕೆ ಚೆಲ್ಲಿದರು.

ಅಂಬರಾಯರು ಎದ್ದು ಬಂದು ಅವರನ್ನು ತಬ್ಬಿಕೊಂಡರು. "ಹನ್ನೊಂದು ವರ್ಷ ಆತ್ರಿ ಅಯ್ಯಾರ," ಎಂದರು. "ಹನ್ನೊಂದು ವರ್ಷ ಈ ಊರಾಗ ನಾ ಒಬ್ಬನೇ ಇದ್ದೆ."

ಒಬ್ಬ ಮನುಷ್ಯನಿಗೆ ಇಲ್ಲದ ರೋಗ ಬಂದರೆ ಅದಕ್ಕೆ ಔಷಧವಿಲ್ಲ. ಮರುದಿನ ನಸುಕಿನಲ್ಲಿ ಅಂಬರಾಯರು ಬಾಗಿಲಿಗೆ ಬಂದು, ಬೇವಿನ ಎಲೆ ಅಗಿಸಿ, ಮಡಿವಾಳಯ್ಯನವರನ್ನು ಚಿಂಚೋಳಿಯ ಕೋಟೆಯವರೆಗೆ ನಡೆಸಿಕೊಂಡು ಹೋದರು. ಮೂರನೆಯ ದಿನ ಹಾಗಲಕಾಯಿ ರಸ ಶುರುವಾಯಿತು. ನಾಲ್ಕನೆಯ ದಿನ ಹಿರಿಯರ ಮಠದಲ್ಲಿ ಪ್ರಸಾದದ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತ ಬಂದವನು ಇವರ ಎಲೆಯ ಮುಂದೆ ನಿಂತು, ತಲೆಯಾಡಿಸಿ, ಒಂದು ಹಸಿ ಸೌತೆಕಾಯಿ ಹಾಕಿ ಮುಂದೆ ಹೋದ. ಮಡಿವಾಳಯ್ಯನವರಿಗೆ ಎರಡು ಸಂಗತಿ ಪ್ರಾಣ: ಮೊಮ್ಮಗು ಮತ್ತು ಹೂರಣ. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕಾಗಿ ಬಂತು. ಅವರು ಸೌತೆಕಾಯಿಯನ್ನು ಕಚ್ಚಿದರು.

ಹಾಲಿನ ಕೆಲಸದಲ್ಲಿ ಮಾತ್ರ ಅವರು ತಪ್ಪಲಿಲ್ಲ, ಒಂದೇ ಒಂದು ದಿನವನ್ನು ಬಿಟ್ಟರೆ. ಅಂದು ಬಾಟಲಿ ತೆಗೆದರೆ ಹಾಲು ಮೇಲೊಂದು ಬಣ್ಣ, ಕೆಳಗೊಂದು ಬಣ್ಣ. ಒಡೆದುಹೋಯಿತೆಂದು ಅವರು ಬಾಟಲಿ ಹಿಡಿದು ಅಂಗಳದಲ್ಲಿ ಮೂರು ಸುತ್ತು ಓಡಿದರು. ಸಂಜೆ ವಿಮಲಾಬಾಯಿ ಚೀಲ ಇಳಿಸುವ ಮೊದಲೇ, "ಒಡದೈತವ್ವಾ!" ಎಂದರು.

"ಒಡದಿಲ್ರಿ. ಕೆನಿ ಮ್ಯಾಲ ಬಂದದ. ಅಲ್ಲಾಡಿಸಬ್ಯಾಡ್ರಿ, ಮೆಲ್ಲಗ ತಿರುವಿದ್ರ ಕೂಡ್ತದ." ಮೂಸಿ ನೋಡಿದಳು. "ಹಾಲು ಚಲೋ ಇತ್ತು. ಈಗ ಇಲ್ಲ. ಬಿಸಿಲಾಗ ಎಷ್ಟೊತ್ತು ಹಿಡ್ಕೊಂಡು ಓಡಿದ್ರಿ?"

ಆಮೇಲೆ ಮೂಲೆಯಲ್ಲಿದ್ದ ಬುಟ್ಟಿಯನ್ನು ನೋಡಿದಳು. "ಇಷ್ಟು ಹಾಗಲಕಾಯಿ ಯಾತಕ್ರಿ?"

"ಅಂಬರಾಯರ ಹಿತ್ತಲದ್ದು. ಪ್ರೀತಿಲೆ ಕೊಟ್ಟಾರ."

ಅವಳು ಮತ್ತೆ ಕೇಳಲಿಲ್ಲ. ಕೇಳುವಷ್ಟು ಮಾತು ಅವಳಲ್ಲಿ ಆಗ ಇರಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಿದ್ದಳು, ಬಾಟಲಿ ಕುದಿಸುತ್ತಿದ್ದಳು, ಬಾಗಿಲು ಹಾಕಿಕೊಳ್ಳುತ್ತಿದ್ದಳು. ತೆರೆದಾಗ ಮೂರು ಬಾಟಲಿ ತುಂಬಿರುತ್ತಿದ್ದವು.

ಈ ನಡುವೆ ಅಂಬರಾಯರು ಒಮ್ಮೆ ಫ್ಲಾಸ್ಕಿನೊಳಗೆ ಇಣುಕಿಯೂ ಬಿಟ್ಟರು. ಮಡಿವಾಳಯ್ಯನವರು ಮುಚ್ಚಳಕ್ಕೆ ಕೈ ಹಾಕಿದರು. ಆದರೆ ಅಂಬರಾಯರು ಬೆಳ್ಳಗಿನ ಬಾಟಲಿಗಳನ್ನು ಕಂಡು ಮೆಚ್ಚಿಕೊಂಡರು. "ನಂದೂ ಹಿಂಗೇ ಅದರಿ, ಹಾಲಿನಂಗ. ಆದ್ರ ನಂದು ಹೆಬ್ಬೆರಳಿನಷ್ಟು ಶೀಸೆ. ನಿಮ್ಮದು ಇಷ್ಟು ದೊಡ್ಡದು! ರೋಗ ಭಾಳ ಜೋರದ ಅಂದಂಗಾಯ್ತು." ಆ ದಿನದಿಂದ ಅವರು ಮಡಿವಾಳಯ್ಯನವರನ್ನು ತಮಗಿಂತ ಹಿರಿಯ ರೋಗಿ ಎಂದು ಒಪ್ಪಿಕೊಂಡು, ದಾರಿಯಲ್ಲಿ ಒಂದು ಹೆಜ್ಜೆ ಹಿಂದೆ ನಡೆಯತೊಡಗಿದರು.

ಹದಿನೈದನೆಯ ದಿನ ಬಂತು. ಹನ್ನೊಂದರ ಬಸ್ಸಿಗೆ ಗುರುಲಿಂಗಯ್ಯ ಬಂದಿಳಿದ. ಅವನು ಚಪ್ಪಲಿ ಬಿಡುವುದರೊಳಗೆ ಯಂಕಮ್ಮ ಬಂದಳು, ವರದಿ ಒಪ್ಪಿಸಲು. ಅವಳು ಬಾಯಿ ತೆರೆಯುವುದರೊಳಗೆ ಅಂಬರಾಯರು ಬಂದರು, ಮುಖ ಬಾಡಿತ್ತು. ಹಿಂದೆ, ಸೂಜಿ ಹಾಕುವ ಕಂಪೌಂಡರ್ ನಬೀಸಾಬ್, ಕೈಯಲ್ಲಿ ಸಿರಿಂಜಿನ ಡಬ್ಬಿ.

"ಅಯ್ಯಾರ, ಹೈದ್ರಾಬಾದ್ ಪಾರ್ಸಲ್ ಬಂದಿಲ್ಲ. ಸಂಜಿ ಬಸ್ಸಿಗೆ ಬರ್ತದಂತ. ಇವತ್ತಿನ ಮಟ್ಟಿಗೆ ನಿಮ್ಮದು ಒಂದು ಸೂಜಿ ಕೊಡ್ರಿ," ಎಂದರು ಅಂಬರಾಯರು.

"ಕೊಡಾಕ ಬರಂಗಿಲ್ರಿ."

"ಯಾಕ? ಮೂರು ಬಾಟ್ಲಿ ಅವ ನಿಮ್ಮಲ್ಲಿ!"

"ಅದು... ನಿಮಗ ಕೂಡಂಗಿಲ್ಲ. ಬ್ಯಾರೆ ತರದ್ದು."

"ನೋಡಿದ್ರೇನು ನಬೀಸಾಬ್," ಅಂಬರಾಯರು ಕಂಪೌಂಡರನ ಕಡೆ ತಿರುಗಿದರು. "ನನ್ನ ಹಿತ್ತಲದಾಗಿನ ಹಾಗಲಕಾಯಿ ಎಲ್ಲಾ ಇವರಿಗೇ ಹಾಕೀನಿ. ಒಂದು ಸೂಜಿಗೆ ಇಲ್ಲ ಅಂತಾರ!"

"ಸಕ್ಕರಿ ರೋಗಾನ?" ಗುರುಲಿಂಗಯ್ಯ ಎದ್ದು ನಿಂತ. "ಮಾವಾರಿಗೆ ಸಕ್ಕರಿ ರೋಗ ಅದ, ನಮಗ ಗೊತ್ತೇ ಇಲ್ಲ! ರೋಗಿಷ್ಟ ಮುದುಕನ ಕೈಯಾಗ ಮೂರು ತಿಂಗಳ ಕೂಸು!"

"ದಿನಾ ಮುಂಜಾನಿ ಕೋಟಿ ತನಕ ನಡೀತಾರ," ಎಂದಳು ಯಂಕಮ್ಮ, ಹದಿನೈದು ದಿನದ ಶ್ರಮ ವ್ಯರ್ಥವಾಗಬಾರದೆಂದು. "ಆದ್ರ ಅವರು ಸೂಜಿ ಚುಚ್ಚಿಕೊಂಡಿದ್ದು ನಾ ಒಂದು ದಿನಾನೂ ನೋಡಿಲ್ಲ."

"ಹಂಗಾದ್ರ ಈಗ ಹಾಕಿಬಿಡೋಣು," ಎಂದು ನಬೀಸಾಬ್ ಸಿರಿಂಜು ತೆಗೆದ. "ಇಬ್ಬರಿಗೂ. ತೋಳು ತೋರಸ್ರಿ ಅಯ್ಯಾರ."

ಸರಿಯಾಗಿ ಆ ಹೊತ್ತಿಗೆ ತೊಟ್ಟಿಲಲ್ಲಿ ಕೂಸು ಎದ್ದಿತು.

ಮೊದಲು ಕುಂಯ್ ಎಂದಿತು. ಆಮೇಲೆ ಓಣಿಗೆಲ್ಲ ಕೇಳುವಂತೆ ಅಳತೊಡಗಿತು. ಅದರ ಹೊತ್ತಾಗಿತ್ತು, ಅದಕ್ಕೆ ಬೇಕಾದದ್ದು ಆ ಫ್ಲಾಸ್ಕಿನಲ್ಲಿತ್ತು, ಫ್ಲಾಸ್ಕಿನ ಸುತ್ತ ಒಬ್ಬ ಬೀಗ, ಒಬ್ಬ ಶಿರಸ್ತೇದಾರ, ಒಂದು ಸೂಜಿ ಮತ್ತು ಯಂಕಮ್ಮ ಇದ್ದರು. ಗುರುಲಿಂಗಯ್ಯ ಕೂಸನ್ನು ಎತ್ತಿಕೊಂಡ, ಅದು ಇನ್ನೂ ಜೋರಾಗಿ ಅತ್ತಿತು. ಯಂಕಮ್ಮ ಎತ್ತಿಕೊಂಡಳು, ಅದು ನೀಲಿಯಾಗತೊಡಗಿತು.

ಮಡಿವಾಳಯ್ಯನವರು ಎದ್ದು ಹೋಗಿ ಕೈ ತೊಳೆದುಕೊಂಡರು. ಸಾಬಾಣ ಹಚ್ಚಿ, ಮೊಣಕೈ ತನಕ. ಫ್ಲಾಸ್ಕು ತೆರೆದು ಒಂದು ಬಾಟಲಿ ತೆಗೆದು, ಬಿಸಿನೀರಿನ ಬೋಗಾಣಿಯಲ್ಲಿ ನಿಲ್ಲಿಸಿ, ಮೆಲ್ಲಗೆ ತಿರುವಿದರು. ಮುಂಗೈ ಮೇಲೆ ಒಂದು ಹನಿ ಬಿಟ್ಟು ನೋಡಿದರು. ಕೂಸನ್ನು ತೊಡೆಯ ಮೇಲೆ ಎತ್ತರಿಸಿ ಹಿಡಿದು, ಚಮಚ ತುಟಿಗೆ ತಾಗಿಸಿದರು. ಅಳು ಕಡಿದಂತೆ ನಿಂತಿತು.

ಅಂಬರಾಯರು ಬಾಯಿ ತೆರೆದು ನೋಡುತ್ತಿದ್ದರು. ಕಡೆಗೆ ಬಹಳ ದುಃಖದಿಂದ ಕೇಳಿದರು:

"ಕೂಸಿಗೂ ಬಂದದೇನ್ರಿ, ಸಕ್ಕರಿ?"

"ಯಾರಿಗೂ ಬಂದಿಲ್ಲ!" ಮಡಿವಾಳಯ್ಯನವರು ಚಮಚ ಅಲುಗದಂತೆ ಕೂಗಿದರು, ಅದು ಅವರ ಜೀವನದ ದೊಡ್ಡ ಸಾಹಸ. "ಇದು ತಾಯಿ ಹಾಲು! ನನ್ನ ಸೊಸಿ ಹಾಲು! ಆಕಿ ಮುಂಜಾನೆ ಹಿಂಡಿ ಬರಫಿನಾಗ ಇಟ್ಟು ಹೋಗ್ತಾಳ, ನಾ ಕುಡಿಸ್ತೀನಿ! ನನಗ ಯಾವ ರೋಗಾನೂ ಇಲ್ಲ! ಹದಿನೈದು ದಿನ ಆತು, ಒಂದು ಹೋಳಿಗಿ ತಿಂದಿಲ್ಲ!"

ನಬೀಸಾಬ್ ಸಿರಿಂಜನ್ನು ಡಬ್ಬಿಗೆ ಹಾಕಿ ಮುಚ್ಚಿದ.

"ಹಿಂಡಿದ ಹಾಲು!" ಎಂದಳು ಯಂಕಮ್ಮ. "ಗಿಡದ ಬುಡಕ್ಕ ಹಾಕೋ ಹಾಲು ಕೂಸಿಗೆ! ಅದೂ ದುಃಖದಾಗಿನ ಹಾಲು!"

"ತಂಗಳದು!" ಎಂದ ಗುರುಲಿಂಗಯ್ಯ. "ಇಷ್ಟು ದಿನ ಕೂಸು ತಂಗಳ ಹಾಲಿನ ಮ್ಯಾಲ ಅದ! ಗಂಟು ಕಟ್ರಿ. ಇವತ್ತೇ ಕರ್ಕೊಂಡು ಹೋಗ್ತೀನಿ."

ಮಡಿವಾಳಯ್ಯನವರು ಗೋಡೆಯ ಕಾಗದದ ಕಡೆ ಬೆರಳು ಮಾಡಿದರು. "ಗುಂಜಿ ಇಳದಿದ್ರ ಅಂದಿದ್ದಿಯಲ್ಲಪ್ಪ. ತೂಗು."

ಗುರುಲಿಂಗಯ್ಯ ವ್ಯಾಪಾರಿ. ತಕ್ಕಡಿಯ ಮಾತಿಗೆ ಇಲ್ಲ ಎನ್ನಲಾರ. ದವಾಖಾನೆ ಆ ಹೊತ್ತಿಗೆ ಮುಚ್ಚಿತ್ತು. ಹತ್ತಿರದ ತಕ್ಕಡಿ ಎಂದರೆ ಮಜೀದಸಾಬರದು, ಬರಫು ತೂಗುವಂಥದು. ನಬೀಸಾಬ್ ಓಡಿದ. ಮಜೀದಸಾಬರು ಬಂದು, ವಿಷಯ ಕೇಳಿ, ಹಣೆ ಬಡಿದುಕೊಂಡರು. "ಕೂಸಿಂದಂತ ಮೊದಲೇ ಹೇಳಬಾರದೇನ್ರಿ ಅಯ್ಯಾರ? ಗಡ್ಡೆ ನಡುವಿಂದು ಕೊಡ್ತಿದ್ದೆ. ಹೊಟ್ಟು ಹತ್ತಿದ್ದು ಕೊಟ್ಟೀನಲ್ಲ!"

"ತೊಳದು ಹಾಕಾಕತ್ತೀನಿ, ಚಿಂತಿಲ್ಲ," ಎಂದರು ಮಡಿವಾಳಯ್ಯನವರು.

ತಕ್ಕಡಿಯನ್ನು ತೊಲೆಗೆ ತೂಗುಹಾಕಿದರು, ನಾಲ್ಕನೆಯದಕ್ಕೆ. ಒಂದು ಪರಡಿಯಲ್ಲಿ ಕಂಬಳಿ ಹಾಸಿ ಕೂಸನ್ನು ಮಲಗಿಸಿದರು. ಕಂಬಳಿಯ ತೂಕಕ್ಕೆ ಸಮನಾಗಿ ಇನ್ನೊಂದು ಕಂಬಳಿ ಆ ಕಡೆ. ಗುರುಲಿಂಗಯ್ಯ ತಾನೇ ಕಲ್ಲು ಇಟ್ಟ. ಐದು ಕಿಲೋ: ಕೂಸು ಮೇಲೇಳಲಿಲ್ಲ. ನೂರು ಗ್ರಾಂ: ಏಳಲಿಲ್ಲ. ಇನ್ನೂರು: ಅದು ಕಾಲಾಡಿಸಿತು. ಮತ್ತೆ ನೂರು, ಐವತ್ತು. ಸಣ್ಣ ಕಲ್ಲು ಮುಗಿದವು. ಮಜೀದಸಾಬರು ಕಿಸೆಯಿಂದ ಸೋಡಾ ಬಾಟಲಿಯ ಎರಡು ಗೋಲಿ ತೆಗೆದು ಪರಡಿಗೆ ಹಾಕಿದರು. ಮುಳ್ಳು ನಡುವೆ ನಿಂತಿತು.

"ಐದು ಕಿಲೋ ನಾಲ್ಕುನೂರಾ ಐವತ್ತು," ಎಂದರು ಮಜೀದಸಾಬರು, "ಮ್ಯಾಲ ಎರಡು ಗೋಲಿ."

ಗುರುಲಿಂಗಯ್ಯ ಕಲ್ಲುಗಳ ಅಡಿ ತಿರುಗಿಸಿ ನೋಡಿದ. ಸರ್ಕಾರಿ ಮುದ್ರೆ ಇತ್ತು. ಅವನು ಕಂಬಳಿಯನ್ನು ಮಡಚುತ್ತ ಕೂತ.

ಐದೂವರೆಗೆ ವಿಮಲಾಬಾಯಿ ಬಂದಾಗ ಪಡಸಾಲೆಯಲ್ಲಿ ತಕ್ಕಡಿ ತೂಗುತ್ತಿತ್ತು, ಅದರ ಕೆಳಗೆ ಆರು ಜನ ಕೂತಿದ್ದರು, ಕೂಸು ಮಲಗಿತ್ತು. ಎಲ್ಲರೂ ಒಮ್ಮೆಗೇ ಹೇಳಿದರು. ಅವಳು ಕೊನೆಯವರೆಗೂ ನಿಂತು ಕೇಳಿದಳು.

"ದುಃಖ ಹಾಲಿಗೆ ಇಳಿಯಂಗಿಲ್ಲ ಯಂಕಮ್ಮಾರ," ಎಂದಳು. "ಇಳೀತಿದ್ರ ಕೂಸಿನ ಮಾರಿ ನೋಡಿದ್ರ ಗೊತ್ತಾಗ್ತಿತ್ತು." ಆಮೇಲೆ ಅಣ್ಣನ ಕಡೆ ತಿರುಗಿ, "ಆರು ಗಂಟಿಗೆ ಬಸ್ಸದ ನಿಂದು," ಎಂದಳು. ಮಾವನ ಕಡೆ ತಿರುಗಿ, "ಮೂರನೇ ಬಾಟ್ಲಿ ಪೂರಾ ಕುಡೀತೇನ್ರಿ?"

"ಪೂರಾ, ಅವ್ವ."

ಸಂಜೆಯ ಬಸ್ಸಿಗೆ ಅಂಬರಾಯರ ಪಾರ್ಸಲ್ಲೂ ಬಂದಿತ್ತು. ಸೂಜಿ ಹಾಕಿಸಿಕೊಂಡು ಅವರು ಎದ್ದರು. ಬಾಗಿಲಲ್ಲಿ ನಿಂತು, "ಹಂಗಾದ್ರ ಮತ್ತ ನಾ ಒಬ್ಬನೇ ಆದೆ," ಎಂದರು.

ಮರುದಿನ ಯಂಕಮ್ಮ ಒಂದು ತಾಟಿನ ತುಂಬ ಹೋಳಿಗೆ ಕಳಿಸಿದಳು. ಮಡಿವಾಳಯ್ಯನವರು ಆರು ತಿಂದರು. ಆದರೆ ತಿನ್ನುವ ಮೊದಲು, ನಸುಕಿನಲ್ಲಿ, ಅಂಬರಾಯರ ಬಾಗಿಲಿಗೆ ಹೋಗಿ ತಾವಾಗಿಯೇ ಹಾಗಲಕಾಯಿ ರಸ ಕೇಳಿ ಕುಡಿದರು. ಇವತ್ತಿಗೂ ಇಬ್ಬರೂ ಕೋಟೆಯವರೆಗೆ ನಡೆಯುತ್ತಾರೆ.

ಜೂನ್ ಕಳೆಯಿತು. ಕೂಸಿಗೆ ಗಂಜಿ ರುಚಿ ಹತ್ತಿತು, ಮೂರು ಬಾಟಲಿ ಒಂದಾಯಿತು. ವಿಮಲಾಬಾಯಿಗೆ ಚಂದಾಪುರದ ಶಾಲೆಗೇ ವರ್ಗವಾಗಿ, ಮಧ್ಯಾಹ್ನ ಮನೆಗೆ ಬರುವಂತಾದ ಮೇಲೆ ಆ ಒಂದೂ ಬೇಡವಾಯಿತು. ಒಂದು ಭಾನುವಾರ ಅವಳು ಫ್ಲಾಸ್ಕನ್ನು ಉಜ್ಜಿ ತೊಳೆದು ಬಿಸಿಲಿಗಿಟ್ಟಳು. ಸೋಮವಾರ, "ನಡೀರಿ ಮಾವಾರ, ಅವರದು ಅವರಿಗೆ ಕೊಟ್ಟು ಬರೋಣು," ಎಂದಳು. ಈ ಸಲ ಜೋಳಿಗೆ ಬೇಡವೆಂದಳು. ಕೆಂಪಕ್ಷರ ಕಾಣುವಂತೆ ಹಿಡಿದು, ಕೂಸನ್ನು ಸೊಂಟಕ್ಕೇರಿಸಿ, ಬಜಾರದ ನಡುವೆಯೇ ನಡೆದಳು.

ಪಶುವೈದ್ಯಶಾಲೆಯ ಜವಾನ ಭೀಮಶ್ಯಾ ಫ್ಲಾಸ್ಕನ್ನು ತಿರುಗಿಸಿ ನೋಡಿ, ದಪ್ಪ ರಿಜಿಸ್ಟರ್ ತೆಗೆದು, ಬೆರಳು ಒದ್ದೆ ಮಾಡಿಕೊಂಡು ಆಗಸ್ಟಿನವರೆಗೆ ಹಾಳೆ ತಿರುವಿದ. "ಇಲ್ಲಿ ಅದ ನೋಡ್ರಿ ಸಹಿ," ಎಂದು ಅವಳ ಮುಂದೆ ಇಟ್ಟ.

ಅದು ಕರಬಸಯ್ಯನ ದುಂಡು ಅಕ್ಷರ. ಒಯ್ಯುವ ಕಾರಣ ಎಂಬ ಕಡೆ ಬರೆದಿದ್ದ: 'ಮನೆಯ ಎಮ್ಮೆಗೆ ಮದ್ದು ತರಲು. ಎಮ್ಮೆ ಗಬ್ಬದ್ದು. ತುರ್ತು.'

ಮಡಿವಾಳಯ್ಯನವರು ಸೊಸೆಯ ಭುಜದ ಮೇಲಿಂದ ಓದಿದರು. ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಎಮ್ಮೆ ಇರಲಿಲ್ಲ. ಆ ಮನೆತನದ ಗಂಡಸರಿಗೆ ನಾಲ್ಕು ಜನರ ಮುಂದೆ ನಿಜ ಹೇಳಲು ಆಗುವುದಿಲ್ಲವೆಂಬುದು ಮಾತ್ರ ಲಿಖಿತವಾಗಿ ಸಿಕ್ಕಿತು. ಅವರು ಅಲ್ಲಿಯ ಮಾಡಿನ ತೊಲೆಗಳನ್ನು ಎಣಿಸತೊಡಗಿದರು.

"ಎಮ್ಮಿ ಹ್ಯಾಂಗದರಿ ಬಾಯಿ?" ಭೀಮಶ್ಯಾ ವಿಶ್ವಾಸದಿಂದ ಕೇಳಿದ. "ಅವತ್ತು ಸಾಹೇಬರು ಭಾಳ ಕಾಳಜಿ ಮಾಡಾಕತ್ತಿದ್ರು. ಈದ್ತೇನು?"

ವಿಮಲಾಬಾಯಿಯ ಭುಜ ಅಲುಗಿತು. ಅಳುತ್ತಿದ್ದಾಳೆಂದು ಮಡಿವಾಳಯ್ಯನವರು ಕೂಸನ್ನು ತೆಗೆದುಕೊಳ್ಳಲು ಕೈ ಚಾಚಿದರು. ಅವಳು ಕೊಡಲಿಲ್ಲ. ನೋಡಿದರೆ ನಗುತ್ತಿದ್ದಳು, ಗಂಡ ತೀರಿದ ಜನವರಿಯಿಂದ ಇದು ಮೊದಲನೆಯ ಸಲ.

"ಈದ್ತರಿ," ಎಂದಳು.

"ಹಾಲು ಚಲೋ ಕೊಡ್ತದಿಲ್ರಿ?"

"ಭಾಳ ಚಲೋ," ಎಂದಳು ವಿಮಲಾಬಾಯಿ. ಲೇಖನಿ ತೆಗೆದುಕೊಂಡು, ಗಂಡನ ಸಹಿಯ ಪಕ್ಕದಲ್ಲಿ ತಾರೀಖು ಹಾಕಿ, 'ಫ್ಲಾಸ್ಕು ಸರಿಯಾಗಿ ಮುಟ್ಟಿಸಿದೆ' ಎಂದು ಬರೆದು ಸಹಿ ಮಾಡಿದಳು.